ಅಜ್ಜಿಯರ ಕಣ್ಣು ತೆರೆಸುವ ಕೆಲಸ

ನಾನು ಡಾಕ್ಟರಲ್ಲ. ಆದರೂ ದೆಹಲಿಯ ಲಕ್ಷ್ಮೀ ನಗರದ ಒಂದು ಫೋಟೊ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕುಳಿತು ನಾನು ತೆರೆಸಿದಷ್ಟು ಕಣ್ಣುಗಳನ್ನು ಯಾವ ಕಣ್ಣಿನ ಡಾಕ್ಟರೂ ತೆರೆಸಿರಲಿಕ್ಕಿಲ್ಲ. ಕ್ಯಾಮೆರಾದ ಬೆಳಕು ಬೀಳುವ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುವುದು ಹಿಂದಿನ ಕಾಲದ ಅಜ್ಜಿಯರ ವಿಶೇಷ ಕಲೆ. ಇಡೀ ಜೀವಮಾನದಲ್ಲಿ ತೆಗೆಸಿಕೊಂಡದ್ದು ಒಂದೇ ಫೋಟೊ, ಅದರಲ್ಲೂ ನಿದ್ದೆ. ಅವರು ಹೋದ ಮೇಲೆ ಮೊಮ್ಮಕ್ಕಳು ಆ ಫೋಟೊ ಹಿಡಿದುಕೊಂಡು ಬಂದು, ಗೋಡೆಗೆ ಹಾಕಬೇಕು, ಕಣ್ಣು ತೆರೆಸಿಕೊಡಿ ಎನ್ನುತ್ತಿದ್ದರು. ನಾನು ಮಗಳದೋ ತಂಗಿಯದೋ ಇನ್ನೊಂದು ಫೋಟೊದಿಂದ ಕಣ್ಣು ಎರವಲು ತಂದು ಕೂರಿಸುತ್ತಿದ್ದೆ. ಅಜ್ಜಿ ಕಣ್ಣು ಬಿಟ್ಟು ಮೊಮ್ಮಕ್ಕಳನ್ನೇ ದುರುಗುಟ್ಟಿ ನೋಡುತ್ತಿದ್ದಳು. ಎಲ್ಲರಿಗೂ ಸಮಾಧಾನವಾಗುತ್ತಿತ್ತು.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ನನ್ನ ಕುರ್ಚಿಗೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, ಈ ಕೆಲಸದಲ್ಲಿ ಕಲಿಯುವುದಕ್ಕೆ ಏನಿದೆ ಆಂಟಿ, ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದಲ್ಲ ಎಂದಳು. ನನಗೆ ಸ್ವಲ್ಪ ಸಿಟ್ಟು ಬಂತು, ಸ್ವಲ್ಪ ನಗುವೂ ಬಂತು. ಅವಳಿಗೂ ಅವಳಂಥವರಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯೋಣವೆಂದರೆ ನಮ್ಮ ಅಂಗಡಿಯಲ್ಲಿ ಬಡ್ತಿ ಎಂಬುದೇ ಇರಲಿಲ್ಲ. ಒಮ್ಮೆ ನನಗೆ ಹೊಸ ಕುರ್ಚಿ ಸಿಕ್ಕಿತು, ಅದೂ ಹಳೆಯದರ ಕಾಲು ಮುರಿದಿದ್ದರಿಂದ.

ದಾವಣಗೆರೆಯಿಂದ ಮದುವೆಯಾಗಿ ದೆಹಲಿಗೆ ಬಂದವಳು ನಾನು. ನಮ್ಮವರು ಓಖ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದರು. ಚಿತ್ರ ಬಿಡಿಸುವ ಕೈ ನನಗಿದೆ ಎಂದು ಅವರೇ ನನ್ನನ್ನು ಅಲ್ಲಿಗೆ ಸೇರಿಸಿದರು. ಆಗ ವಿದೇಶಕ್ಕೆ ಬಟ್ಟೆ ಕಳಿಸುವ ಕಂಪನಿಗಳ ಕ್ಯಾಟಲಾಗು ಅಚ್ಚಾಗುತ್ತಿತ್ತು. ಫೋಟೊದಲ್ಲಿರುವ ಷರ್ಟಿನ ಸುಕ್ಕುಗಳನ್ನೆಲ್ಲ ಕುಂಚದಿಂದ ಅಳಿಸುವುದು ನನ್ನ ಕೆಲಸ. ಮನೆಯಲ್ಲಿ ಇಸ್ತ್ರಿ ಮಾಡದ ನಾನು ಅಲ್ಲಿ ಲೋಕದ ಷರ್ಟುಗಳಿಗೆಲ್ಲ ಇಸ್ತ್ರಿ ಹಾಕಿದೆ. ಆ ಚಟ ಎಷ್ಟು ಅಂಟಿಕೊಂಡಿತೆಂದರೆ, ಮುಂದೆ ಲಕ್ಷ್ಮೀ ನಗರದ ಸ್ಟುಡಿಯೋ ಸೇರಿದ ಹೊಸದರಲ್ಲಿ ಒಬ್ಬ ತಾತನ ಮುಖದ ಸುಕ್ಕುಗಳನ್ನೂ ಅಚ್ಚುಕಟ್ಟಾಗಿ ತೆಗೆದುಬಿಟ್ಟೆ. ಫೋಟೊ ಒಯ್ಯಲು ಬಂದ ಮೊಮ್ಮಗ ಬಹಳ ಹೊತ್ತು ನೋಡಿ, "ದೀದಿ, ನಾನು ದಾದಾನ ಫೋಟೊ ಕೊಟ್ಟಿದ್ದೆ. ನೀವು ಚಾಚಾನ ಮಾಡಿಕೊಟ್ಟಿದ್ದೀರಿ" ಎಂದ.

ಸ್ಟುಡಿಯೋದ ಮಾಲೀಕರು ಖನ್ನಾಜಿ. ಬಿಳಿ ಪೈಜಾಮ, ಮೂಗಿನ ತುದಿಯಲ್ಲಿ ಕನ್ನಡಕ, ಮೂಗಿನ ಮೇಲೆ ಕೋಪ. ಕುಂಚದ ತುದಿಯನ್ನು ನಾಲಿಗೆಯಲ್ಲೇ ಚೂಪು ಮಾಡುತ್ತಿದ್ದರಿಂದ ಅವರ ನಾಲಿಗೆ ಸದಾ ಬೂದುಬಣ್ಣಕ್ಕಿರುತ್ತಿತ್ತು. ಬೈಯುವಾಗ ಅದು ಚೆನ್ನಾಗಿ ಕಾಣುತ್ತಿತ್ತು. ನನಗೆ ಅವರು ಕಲಿಸಿದ ಮೊದಲ ಪಾಠ ಕುಂಚದ್ದಲ್ಲ, ಕಣ್ಣಿನದು. ಹಿಂದೆ ನೆಗೆಟಿವ್ ಅನ್ನು ತಿರುವುಮುರುವಾಗಿ ಇಟ್ಟು ಪ್ರಿಂಟು ಹಾಕಿಬಿಟ್ಟರೆ ಎಡ ಬಲವಾಗಿ, ಬಲ ಎಡವಾಗಿ ಬರುತ್ತಿತ್ತು. ಹಳೆಯ ಫೋಟೊಗಳಲ್ಲಿ ಇಂಥವು ಬೇಕಾದಷ್ಟಿದ್ದವು. ಆದ್ದರಿಂದ ಯಾವ ಫೋಟೊ ಬಂದರೂ ಮೊದಲು ಗಂಡಸರ ಗುಂಡಿ, ಜೇಬು, ಗಡಿಯಾರ ನೋಡಬೇಕು. ಹೆಂಗಸರಾದರೆ ಸೆರಗು ನೋಡಬೇಕು. ಸೆರಗು ಎಡಭುಜದ ಮೇಲಿದ್ದರೆ ಸರಿ. ಬಲಭುಜದ ಮೇಲೆ ಹಿಂದಿನಿಂದ ಮುಂದಕ್ಕೆ ಇಳಿಬಿದ್ದಿದ್ದರೆ ಗುಜರಾತಿನವರು, ಅದೂ ಸರಿ. ಇವೆರಡೂ ಅಲ್ಲದೆ ಸುಮ್ಮನೆ ಬಲಭುಜದ ಮೇಲೆ ಕೂತಿದ್ದರೆ ಫೋಟೊ ಉಲ್ಟಾ. "ಪೆಹಲೇ ಪಲ್ಲೂ ದೇಖೋ, ಶಾರದಾಜಿ. ಮುಖ ಸುಳ್ಳು ಹೇಳಬಹುದು, ಸೆರಗು ಹೇಳಲ್ಲ" ಎನ್ನುತ್ತಿದ್ದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಂಗಡಿ ನಡೆಯುತ್ತಿದ್ದುದು ಕೋಚಿಂಗ್ ಸೆಂಟರಿನ ಮಕ್ಕಳಿಂದ. ಅರ್ಜಿಗೆ ಅಂಟಿಸುವ ಫೋಟೊಗೆ ಕೋಟು ಬೇಕು, ಯಾರ ಬಳಿಯೂ ಕೋಟಿಲ್ಲ. ಅದಕ್ಕೆ ಖನ್ನಾಜಿ ಗೂಟಕ್ಕೆ ಒಂದು ಕಪ್ಪು ಕೋಟು ನೇತುಹಾಕಿದ್ದರು. ಲಕ್ಷ್ಮೀ ನಗರದಲ್ಲಿ ಓದಿ ದೊಡ್ಡ ಹುದ್ದೆಗೆ ಹೋದವರೆಲ್ಲ ಒಮ್ಮೆಯಾದರೂ ಅದರೊಳಗೆ ತೂರಿಕೊಂಡವರೇ. ಕಂಪ್ಯೂಟರು ಬಂದ ಮೇಲೆ ಆ ಕೋಟನ್ನೂ ಅದರೊಳಗೆ ಹಾಕಿದೆವು. ಆಮೇಲೆ ಅಜ್ಜಂದಿರ ಸರದಿ. ಹೊಲದಲ್ಲಿ ಬನಿಯನ್ ತೊಟ್ಟು ನಿಂತ ಅಜ್ಜನಿಗೆ ಮೊಮ್ಮಗ ಕೋಟು ಬೇಕೆನ್ನುತ್ತಿದ್ದ, ಅವನ ಅಣ್ಣ ಟೈ ಕೂಡ ಇರಲಿ ಎನ್ನುತ್ತಿದ್ದ. ಬದುಕಿದ್ದಾಗ ಅಜ್ಜನಿಗೆ ಒಂದು ಅಂಗಿ ಹೊಲಿಸಿಕೊಟ್ಟಿದ್ದರೋ ಇಲ್ಲವೋ, ನಾನು ಕೇಳುತ್ತಿರಲಿಲ್ಲ. ಅವರು ಕೇಳಿದ್ದನ್ನು ತೊಡಿಸಿ ಕಳಿಸುತ್ತಿದ್ದೆ.

ಈಗಂತೂ ಫೋನಿನಲ್ಲೇ ಎಲ್ಲವೂ ಆಗುತ್ತದೆ. ಮಸುಕಾದ ಅಜ್ಜಿಯನ್ನು ಒಳಗೆ ಹಾಕಿದರೆ ಕೆನ್ನೆ ಕೆಂಪಗಾಗಿ, ಬೊಚ್ಚುಬಾಯಿ ತುಂಬ ಮುತ್ತಿನಂಥ ಹಲ್ಲು ಮೂಡಿ ಹೊರಬರುತ್ತಾಳೆ. ಗಿರಾಕಿ ಅದನ್ನು ತಂದು, "ಚೆನ್ನಾಗಿದೆ, ಆದರೆ ಇವರು ಯಾರು?" ಎಂದು ನಮ್ಮನ್ನೇ ಕೇಳುತ್ತಾನೆ. ಹಾಗಾಗಿ ಅಂಗಡಿ ಇನ್ನೂ ಮುಚ್ಚಿಲ್ಲ.

ಇನ್ನು ಪೊನ್ನಪ್ಪನವರ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಪೀಠಿಕೆ ಹಾಕಿದ್ದು ಅದಕ್ಕೇ.

ಕೊಡಗಿನವರು, ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾಗಿ ಘಾಜಿಯಾಬಾದಿನ ಫ್ಲ್ಯಾಟಿನಲ್ಲಿದ್ದರು. ಯಾರೋ ಕನ್ನಡದವರು ಈ ಅಂಗಡಿಯಲ್ಲಿದ್ದಾರೆಂದು ಕೇಳಿ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಬಾಗಿಲಲ್ಲಿ ನಿಂತ ಭಂಗಿ ನೋಡಿ ಖನ್ನಾಜಿಯವರೇ ಎದ್ದು ನಿಂತರು. ಜೇಬಿನಿಂದ ತೆಗೆದದ್ದು ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಗುಂಪು ಫೋಟೊ. ಮೇಲೆಲ್ಲ ಬೂಷ್ಟು, ನಡುವೆ ಮಡಿಕೆ. ಕುಪ್ಯ ಎಂಬ ಕಪ್ಪು ನಿಲುವಂಗಿ ತೊಟ್ಟ ಗಂಡಸರ ಸಾಲಿನ ಕೊನೆಗೆ ತಲೆಗೆ ವಸ್ತ್ರ ಕಟ್ಟಿದ ಒಬ್ಬ ಹೆಂಗಸು.

"ಇವರು ನನ್ನ ತಾಯಿಯ ತಾಯಿ. ನಾನು ತೀರಾ ಚಿಕ್ಕವನಿದ್ದಾಗ ಹೋದ್ರು" ಎಂದರು. "ಮುಖ ನೆನಪಿಲ್ಲ ಶಾರದಮ್ಮ. ಕಡುಬು ಉಂಡೆ ಮಾಡಿ ಕೊಡ್ತಿದ್ದ ಕೈ ಮಾತ್ರ ನೆನಪಿದೆ. ಅಜ್ಜಿದು ಅಂತ ಇರೋದು ಇದೊಂದೇ. ದೊಡ್ಡದು ಮಾಡಿಕೊಡಿ, ನಮ್ಮಮ್ಮ ನೋಡ್ಬೇಕು."

ಖನ್ನಾಜಿ ಅದನ್ನು ಸ್ಕ್ಯಾನ್ ಮಾಡಿ, ಆ ಹೆಂಗಸನ್ನು ಗುಂಪಿನಿಂದ ಬಿಡಿಸಿ ಭುಜದವರೆಗೆ ದೊಡ್ಡದು ಮಾಡಿದರು. ಬಿರುಕು ತುಂಬುವ ಕೆಲಸ ನನ್ನದು. ನನ್ನ ಪರದೆಯ ಮೇಲೆ ಬಂದದ್ದು ಬರೀ ಮುಖ. ಅದೂ ಒಮ್ಮೆಗೆ ಒಂದು ಮೂಗು, ಒಂದು ಹುಬ್ಬು. ಕೆನ್ನೆಯ ಮೇಲೊಂದು ಕಪ್ಪು ಚುಕ್ಕೆಯಿತ್ತು. ಬೂಷ್ಟೋ ಮಚ್ಚೆಯೋ ಎಂದು ಹತ್ತಿರದಿಂದ ನೋಡಿದೆ, ಮಚ್ಚೆಯೇ. ಅದನ್ನು ಮುಟ್ಟದೆ ಉಳಿದದ್ದನ್ನೆಲ್ಲ ಸರಿಮಾಡಿದೆ. ಪ್ರಿಂಟು ತೆಗೆದು ಕಟ್ಟು ಹಾಕಿಸಿದಾಗ ಖನ್ನಾಜಿಯವರೇ, "ವಾಹ್" ಎಂದರು. ಅವರ ಬಾಯಲ್ಲಿ ಆ ಮಾತು ಬರುವುದು ಅಪರೂಪ. ಪೊನ್ನಪ್ಪನವರು ಎರಡೂ ಕೈಯಲ್ಲಿ ಹಿಡಿದು ನೋಡಿ, ಹಾಗೇ ಎದೆಗೊತ್ತಿಕೊಂಡು ಹೋದರು. ಚಿಕ್ಕ ಫೋಟೊ ಲಕೋಟೆಯೊಳಗೆ ಸೇರಿತು. ದೊಡ್ಡದು ಕೈಗೆ ಬಂದ ಮೇಲೆ ಚಿಕ್ಕದನ್ನು ಯಾರು ನೋಡುತ್ತಾರೆ?

ವಾರ ಕಳೆಯುವುದರೊಳಗೆ ಮತ್ತೆ ಬಂದರು. ಈ ಸಲ ಭಂಗಿ ಸ್ವಲ್ಪ ಕುಸಿದಿತ್ತು.

"ಅಮ್ಮನಿಗೆ ಗುರುತು ಸಿಗ್ಲಿಲ್ಲ" ಎಂದರು. "ಯಾರೋ ಹೆಂಗಸು ಅಂದ್ರು. ತನ್ನ ಹೆತ್ತ ಅವ್ವನ್ನೇ."

ಕುರ್ಚಿ ಕೊಟ್ಟು ಟೀ ತರಿಸಿದೆ. ಆಗ ಎಲ್ಲ ಹೇಳಿದರು. ತಾಯಿ ದೇಚಮ್ಮನವರಿಗೆ ವಯಸ್ಸಾಗಿದೆ, ಮರೆವು ಶುರುವಾಗಿದೆ. ತಿಂಡಿ ತಿಂದದ್ದು ಮರೆಯುತ್ತಾರೆ, ಪಕ್ಕದ ಮನೆಯವರನ್ನು ಲಿಫ್ಟಿನಲ್ಲಿ ಕಂಡು ಹೆದರುತ್ತಾರೆ. ಮಗಳು ಪೂವಿಯ ಮದುವೆ ಕೊಡಗಿನಲ್ಲಿ, ಹೆಂಡತಿ ಆಗಲೇ ಊರಿಗೆ ಹೋಗಿ ತಯಾರಿಯಲ್ಲಿದ್ದಾರೆ. ಅಲ್ಲಿ ದೀಪದ ಮುಂದೆ ಕೂತ ಹುಡುಗಿಗೆ ಮನೆಯ ಹಿರಿಯರು ಅಕ್ಕಿ ಹಾಕಿ ಹರಸಬೇಕು. ಈಗ ಇರುವ ಹಿರಿಯರೆಂದರೆ ದೇಚಮ್ಮನವರು. ಆದರೆ ವಿಮಾನ, ಜನಜಂಗುಳಿ, ಅಲ್ಲಿ ಯಾರ ಗುರುತೂ ಸಿಗದೆ ಗಾಬರಿಯಾದರೆ? ಕರೆದುಕೊಂಡು ಹೋಗುವುದೋ ಬೇಡವೋ ಎಂದು ಹೊಯ್ದಾಡುತ್ತಿದ್ದವರಿಗೆ ಈ ಫೋಟೊ ಹೊಳೆದಿತ್ತು.

"ಅವ್ವನ್ನ ಗುರುತಿಸಿದ್ರೆ ಕರ್ಕೊಂಡು ಹೋಗೋದು ಅಂತ ನನ್ನೊಳಗೇ ಅಂದ್ಕೊಂಡಿದ್ದೆ. ಗುರುತಿಸ್ಲಿಲ್ಲ. ನೋಡಿಕೊಳ್ಳೋಕೆ ಒಬ್ಬ ಹೆಂಗಸನ್ನ ಗೊತ್ತುಮಾಡಿದ್ದೀನಿ, ಇಲ್ಲೇ ಬಿಟ್ಟು ಹೋಗ್ತೀವಿ. ಕೊನೇದಾಗಿ ಒಂದು ಸಲ ನೀವು ಮನೆಗೆ ಬಂದು, ಅವರ ಮುಂದೆ ಕೂತು, ಕೇಳಿ ಕೇಳಿ ಸರಿಮಾಡ್ತೀರಾ? ಮೂಗೋ ಬಾಯೋ ಏನಾದ್ರೂ ತಪ್ಪಾಗಿರಬಹುದು." ಸೈನ್ಯದವರು ಅಳುವುದಿಲ್ಲವೆಂದು ಯಾರು ಹೇಳಿದರೋ ಕಾಣೆ. ಅವರು ಟೀ ಲೋಟವನ್ನು ಮುಖದ ಮುಂದೆ ಹಿಡಿದುಕೊಂಡೇ ಕೂತಿದ್ದರು.

ಭಾನುವಾರ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಮೆಟ್ರೋ ಹತ್ತಿದೆ. ಪೊನ್ನಪ್ಪನವರ ಮನೆಯಲ್ಲಿ ದಿಂಬಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲವೂ ಸಾಲಾಗಿ ನಿಂತಿದ್ದವು. ಸಾಲು ತಪ್ಪಿದ್ದವಳು ಪೂವಿ ಒಬ್ಬಳೇ. ಮದುವೆಗೆ ಕೊಡಗಿನ ರೀತಿಯಲ್ಲಿ ಸೀರೆ ಉಡುವುದನ್ನು ಅಭ್ಯಾಸ ಮಾಡುತ್ತಾ, ನೆರಿಗೆ ಹಿಂದಕ್ಕೆ ಹೋಗಲೊಲ್ಲದೆ, ಹಾಲಿನ ನಡುವೆ ಗಿರಗಿರ ತಿರುಗುತ್ತಿದ್ದಳು.

"ಆಂಟಿ, ದೇಖೋ ನಾ, ಪ್ಲೀಟ್ಸ್ ಹಿಂದೆ ಹೇಗೆ ಹಾಕೋದು? ನನಗೆ ಕಣ್ಣು ಹಿಂದೆ ಇದೆಯಾ?"

"ನಿನ್ನ ಕಣ್ಣು ಫೋನಲ್ಲಿದೆ" ಎಂದಿತು ಸೋಫಾದ ಮೂಲೆಯಿಂದ ಒಂದು ದನಿ. ಅವರೇ ದೇಚಮ್ಮನವರು. ಸಣ್ಣ ದೇಹ, ನೇರ ಬೆನ್ನು. ಮಗನ ಬೆನ್ನು ಎಲ್ಲಿಂದ ಬಂದದ್ದೆಂದು ಗೊತ್ತಾಯಿತು.

ಪೊನ್ನಪ್ಪನವರು ತಾಯಿಯ ಮುಂದೆ ನಿಂತು, ಕವಾಯತಿನ ದನಿಯಲ್ಲಿ, "ಅಮ್ಮ, ನಾನು ಯಾರು?" ಎಂದರು.

"ನಿನ್ನ ಹೆತ್ತವಳು ನಾನು. ನೀನು ಯಾರು ಅಂತ ನಿನಗೆ ಮರೆತುಹೋಯ್ತಾ?" ಎಂದರು ದೇಚಮ್ಮ. ಆಮೇಲೆ ನನ್ನ ಕಡೆ ತಿರುಗಿ, "ದಿನಾ ಕೇಳ್ತಾನೆ ಮಗಳೆ. ಪಾಪ, ಅವನಿಗೂ ವಯಸ್ಸಾಯ್ತು" ಎಂದರು.

ನಾನು ನಗು ತಡೆದುಕೊಂಡು ಕಟ್ಟು ಹಾಕಿದ ಫೋಟೊವನ್ನು ಅವರ ಮಡಿಲಲ್ಲಿಟ್ಟೆ. ಅವರು ನೋಡಿದರು. ಮುಖ ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಚೆನ್ನಾಗಿದ್ದಾಳೆ. ಯಾರ ಮನೆಯವಳು?"

"ನಿಮ್ಮ ಅವ್ವ, ಅಮ್ಮ."

"ಅಲ್ಲ ಮಗಳೆ. ಅವ್ವನ ಥರ ಇದ್ದಾಳೆ. ಅವ್ವ ಅಲ್ಲ."

ಪೊನ್ನಪ್ಪನವರು ನನ್ನ ಕಡೆ ನೋಡಿದ ನೋಟದಲ್ಲಿ, ಹೇಳಲಿಲ್ಲವೇ, ಎಂಬುದಿತ್ತು. ಲ್ಯಾಪ್‌ಟಾಪ್ ತೆರೆದು, ಮೂಗು ಹೀಗಿತ್ತೇ, ಬಾಯಿ ಹಾಗಿತ್ತೇ ಎಂದು ಒಂದೊಂದೇ ಕೇಳಿದೆ. ಮೂಗು ಸರಿ, ಬಾಯಿ ಸರಿ, ಹುಬ್ಬು ಸರಿ. ಎಲ್ಲ ಸರಿ, ಅವ್ವ ಮಾತ್ರ ಅಲ್ಲ. ನಾನು ಕೈಚೆಲ್ಲಿದೆ. ವೃತ್ತಿಯಲ್ಲಿ ಎಷ್ಟೋ ಮುಖ ಜೋಡಿಸಿದ್ದೇನೆ. ಎಲ್ಲ ಭಾಗವೂ ಸರಿಯಿದ್ದು ಮನುಷ್ಯ ಮಾತ್ರ ತಪ್ಪಾದದ್ದು ಅದೇ ಮೊದಲು. ಪೊನ್ನಪ್ಪನವರು, "ಚಲೋ, ಸಾಕು ಬಿಡಿ ಶಾರದಮ್ಮ" ಎಂದು ಅಡುಗೆಮನೆಗೆ ಹೋಗಿ ಕಾಫಿಯ ಪಾತ್ರೆಯನ್ನು ಜೋರಾಗಿ ಇಟ್ಟ ಸದ್ದು ಕೇಳಿತು.

ವಾತಾವರಣ ತಿಳಿಯಾಗಲೆಂದೋ ಏನೋ, ಪೂವಿ ಅಂತೂ ಇಂತೂ ಉಟ್ಟ ಸೀರೆಯಲ್ಲಿ ಬಂದು ಅಜ್ಜಿಯ ಪಕ್ಕ ಕುಳಿತಳು. "ಅಜ್ಜಿ, ಒಂದು ಸೆಲ್ಫೀ. ನೀನು, ನಾನು, ಔರ್ ಯೇ ಬ್ಯೂಟಿಫುಲ್ ಲೇಡಿ." ಫೋಟೊವನ್ನು ಇಬ್ಬರ ನಡುವೆ ಎತ್ತಿ ಹಿಡಿದು ಫೋನನ್ನು ಮೇಲೆತ್ತಿದಳು.

ದೇಚಮ್ಮನವರು ಫೋನಿನ ಪರದೆಯನ್ನು ನೋಡಿದವರೇ, "ಅವ್ವ" ಎಂದರು.

ಜೋರಾಗಿ ಕೂಗಲಿಲ್ಲ. ಬಾಗಿಲು ತೆರೆದಾಗ ಎದುರಿಗೆ ನಿಂತವರನ್ನು ಕಂಡು ಹೇಳುವ ಹಾಗೆ ಹೇಳಿದರು. ಪೂವಿ ಬೆಚ್ಚಿ ಕ್ಲಿಕ್ ಮಾಡಿದಳು. ಅಡುಗೆಮನೆಯಿಂದ ಪೊನ್ನಪ್ಪನವರು ಓಡಿಬಂದರು. "ನೋಡು ಅಜ್ಜಿ, ನೋಡು" ಎಂದು ಪೂವಿ ತೆಗೆದ ಫೋಟೊವನ್ನು ದೊಡ್ಡದು ಮಾಡಿ ತೋರಿಸಿದಳು.

ದೇಚಮ್ಮನವರ ಮುಖ ಇಳಿಯಿತು. "ಹೋದ್ರು" ಎಂದರು. "ಈಗ ಇದ್ರು. ಹೋದ್ರು. ಇವಳು ಮತ್ತೆ ಅವಳೇ."

ಪೊನ್ನಪ್ಪನವರು ಕುರ್ಚಿಯ ಬೆನ್ನು ಹಿಡಿದು ನಿಂತರು. ಮಗಳಿಗೆ ಮೆಲ್ಲಗೆ, "ಬಿಡು ಪೂವಿ, ಅವರಿಗೆ ಕಷ್ಟ ಕೊಡ್ಬೇಡ" ಎಂದರು. ಪೂವಿ ಬಿಡುವವಳಲ್ಲ. ಮತ್ತೆ ಫೋನ್ ಎತ್ತಿದಳು. "ಬಂದ್ರು!" ಎಂದರು ದೇಚಮ್ಮ. ಕ್ಲಿಕ್ ಮಾಡಿ ತೋರಿಸಿದರೆ, ಹೋದ್ರು. ಎತ್ತಿದರೆ ಬಂದ್ರು.

ನಾನು ಎದ್ದು ಅವರ ಹಿಂದೆ ಹೋಗಿ ನಿಂತು ಪರದೆಯನ್ನು ನೋಡಿದೆ. ಮೊದಲು ಸೆರಗು ನೋಡುವ ಕಣ್ಣು ನನ್ನದು, ಹೋಗುವುದೇ ಅಲ್ಲಿಗೆ. ಪರದೆಯಲ್ಲಿ ಪೂವಿಯ ಸೆರಗು ಎಡಭುಜದ ಮೇಲಿತ್ತು. ತಲೆಯೆತ್ತಿ ಪೂವಿಯನ್ನೇ ನೋಡಿದೆ. ಅವಳು ಉಟ್ಟಿದ್ದ ಸೀರೆಯ ಸೆರಗು, ಕೊಡಗಿನವರೆಲ್ಲ ಹಾಕುವಂತೆ, ಬಲಭುಜದ ಮೇಲೆ ಪಿನ್ನು ಹಾಕಿಸಿಕೊಂಡು ಕೂತಿತ್ತು. ಸೆಲ್ಫೀ ತೆಗೆಯುವಾಗ ಫೋನು ಕನ್ನಡಿಯಂತೆ ಎಡಬಲ ಬದಲಿಸಿ ತೋರಿಸುತ್ತದೆ. ತೆಗೆದಾದ ಮೇಲೆ ನೆಟ್ಟಗೆ ಮಾಡಿಡುತ್ತದೆ. ಆಮೇಲೆ ಕಟ್ಟಿನೊಳಗಿದ್ದ ಅಜ್ಜಿಯನ್ನು ನೋಡಿದೆ. ಅಪ್ಪಟ ಕೊಡಗಿನ ಹೆಂಗಸು, ಸೆರಗು ಮಾತ್ರ ದೆಹಲಿಯವರಂತೆ ಎಡಭುಜದ ಮೇಲೆ.

"ಅಯ್ಯೋ ಖನ್ನಾಜಿ!" ಎಂದೆ. ಯಾರಿಗೂ ಅರ್ಥವಾಗಲಿಲ್ಲ.

"ಪೊನ್ನಪ್ಪನವರೇ, ಆ ಲಕೋಟೆ ತನ್ನಿ."

ತಂದರು. ಚಿಕ್ಕ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಸೆರಗು ಬಲಕ್ಕೆ. ಮಚ್ಚೆ ಎಡಗೆನ್ನೆಯಲ್ಲಿ. ನಮ್ಮ ದೊಡ್ಡ ಫೋಟೊದಲ್ಲಿ ಎಲ್ಲವೂ ತಿರುವುಮುರುವು. ಕುಪ್ಯಕ್ಕೆ ಗುಂಡಿಯಿಲ್ಲ, ಜೇಬಿಲ್ಲ, ಯಾರ ಕೈಯಲ್ಲೂ ಗಡಿಯಾರವಿಲ್ಲ. ಖನ್ನಾಜಿಗೆ ಸಿಕ್ಕ ಸಾಕ್ಷಿ ಸೆರಗೊಂದೇ. ಅದು ಬಲಭುಜದ ಮೇಲಿರುವುದನ್ನು ಕಂಡು, ಯಾವನೋ ದಡ್ಡ ನೆಗೆಟಿವ್ ಉಲ್ಟಾ ಹಾಕಿದ್ದಾನೆಂದು, ಯಾರನ್ನೂ ಕೇಳದೆ, ಪುಣ್ಯದ ಕೆಲಸವೆಂಬಂತೆ ತಿರುಗಿಸಿಬಿಟ್ಟಿದ್ದರು. ಕನ್ನಡದವಳಾದ ನಾನು ಪಕ್ಕದಲ್ಲೇ ಕೂತು ಮೂಗು ಹುಬ್ಬು ತಿದ್ದುತ್ತಾ ಇದ್ದೆ.

ಲ್ಯಾಪ್‌ಟಾಪಿನಲ್ಲಿ ಅದನ್ನು ಮತ್ತೆ ತಿರುಗಿಸುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ದೇಚಮ್ಮನವರ ಮುಂದಿಟ್ಟೆ. ಅವರು ಬಲಗೈಯ ತೋರುಬೆರಳನ್ನು ಚಾಚಿ ಪರದೆಯ ಮೇಲಿದ್ದ ಮಚ್ಚೆಯನ್ನು ಗುಂಡಿ ಒತ್ತುವ ಹಾಗೆ ಒತ್ತಿದರು. ಬಿಟ್ಟು ಮತ್ತೆ ಒತ್ತಿದರು.

"ಎಡಸೊಂಟದ ಮೇಲೆ ಕೂರಿಸ್ಕೊಳ್ತಿದ್ರು" ಎಂದರು. "ನಾನು ಇದನ್ನ ಹಿಂಗೆ ಒತ್ತೋದು, ಅವ್ವ ‘ಟ್ರಿಂಗ್’ ಅನ್ನೋದು. ಗದ್ದೆ ದಾಟಿ ಮನೆ ಮುಟ್ಟೋವರೆಗೂ ಇದೇ ಆಟ."

ಪೊನ್ನಪ್ಪನವರು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟರು. ಆ ಮನೆಯ ಶಿಸ್ತಿಗೆ ಅದು ತೀರಾ ಹೊಸತು. ಮುಖವೇ ನೆನಪಿಲ್ಲದ ಅಜ್ಜಿಯನ್ನೂ, ಇನ್ನೇನು ಬಿಟ್ಟು ಹೋಗಲಿದ್ದ ಅಮ್ಮನನ್ನೂ ಒಟ್ಟಿಗೆ ನೋಡುತ್ತಿದ್ದರು.

"ಅಮ್ಮ" ಎಂದರು ಕೊನೆಗೆ, "ಊರಿಗೆ ಹೋಗೋಣ್ವಾ? ಪೂವಿ ಮದುವೆಗೆ?"

"ನನ್ನ ಬಿಟ್ಟು ಹೋಗ್ಬೇಕು ಅಂತಿದ್ರಲ್ಲ" ಎಂದರು ದೇಚಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಮರೆವು ಇರೋಳು ನಾನು. ಕಿವುಡಿ ಅಲ್ಲ."

ಪೂವಿ ಆ ಕ್ಷಣವೇ ಫೋನಿನಲ್ಲಿ ಟಿಕೆಟ್ ಮಾಡಿದಳು. ಕಿಟಕಿ ಪಕ್ಕದ ಸೀಟು.

ಸೋಮವಾರ ಖನ್ನಾಜಿಗೆ ಎಲ್ಲ ಹೇಳಿದೆ. ಬಲಭುಜದ ಮೇಲೆ ಸೆರಗು ಹೀಗೂ ಕೂರುತ್ತದೆಂದು ತಮಗೆ ಯಾರೂ ಹೇಳಲಿಲ್ಲವೆಂದು ಮೊದಲು ನನ್ನನ್ನೇ ಬೈದರು. ಬೂದು ನಾಲಿಗೆ ಪೂರ್ತಿ ಕಂಡಿತು. ಆಮೇಲೆ ಕನ್ನಡಕ ಒರೆಸಿ, "ಅಚ್ಛಾ ಶಾರದಾಜಿ, ಇಷ್ಟು ವರ್ಷದಲ್ಲಿ ಇನ್ನೆಷ್ಟು ಅಜ್ಜಿಯರನ್ನು ತಿರುಗಿಸಿದ್ದೇನೋ?" ಎಂದರು. ಹೊಸ ಪ್ರಿಂಟನ್ನು ಅವರೇ ತೆಗೆದು, ಅವರೇ ಕಟ್ಟು ಹಾಕಿಸಿ, ಆ ವಯಸ್ಸಿನಲ್ಲಿ ಅವರೇ ಮೆಟ್ರೋ ಹತ್ತಿ ಘಾಜಿಯಾಬಾದಿಗೆ ಹೋಗಿ ಕೊಟ್ಟುಬಂದರು. ದೇಚಮ್ಮನವರು ಅವರಿಗೆ ಸೀರೆ ಉಡುವ ಪಾಠ ಮಾಡಿದರಂತೆ, ಒಂದಕ್ಷರ ಹಿಂದಿ ಬಾರದೆ. ಅಂದಿನಿಂದ ಖನ್ನಾಜಿ ಯಾವ ಫೋಟೊ ಬಂದರೂ ಮೊದಲು ಗಿರಾಕಿಗೆ ಟೀ ಕೊಟ್ಟು, ನಿಮ್ಮ ಕಡೆ ಸೆರಗು ಯಾವ ಕಡೆಗೆ ಎಂದು ವಿಚಾರಿಸುತ್ತಿದ್ದರು. ಗಂಡಸರು ತಬ್ಬಿಬ್ಬಾಗಿ ಹೆಂಡತಿಗೆ ಫೋನ್ ಮಾಡುತ್ತಿದ್ದರು. ನನ್ನ ಕುರ್ಚಿಯ ಹುಡುಗಿಗೆ ನಾನು ಹೇಳಬೇಕಾದ್ದು ಇಷ್ಟೇ. ತಿರುಗಿಸುವುದಕ್ಕೆ ಬಟನ್ ಇದೆ. ಕೇಳುವುದಕ್ಕೆ ನೀನೇ ಬೇಕು.

ಮದುವೆಯಾದ ಮೇಲೆ ಪೂವಿ ಒಂದು ಫೋಟೊ ಕಳಿಸಿದಳು. ನನ್ನ ಕೊನೆಯ ಕೆಲಸಗಳಲ್ಲಿ ಅದೂ ಒಂದು. ಅವಳು ದೀಪದ ಮುಂದೆ ಕೂತಿದ್ದಾಳೆ. ದೇಚಮ್ಮನವರು ಬಗ್ಗಿ ಅವಳ ತಲೆಯ ಮೇಲೆ ಅಕ್ಕಿ ಹಾಕುತ್ತಿದ್ದಾರೆ. ಜೊತೆಗೊಂದು ವಾಯ್ಸ್ ಮೆಸೇಜು: "ಆಂಟಿ, ಫೋಟೊ ಮಸ್ತ್ ಹೈ, ಆದ್ರೆ ಅಜ್ಜಿ ಕಣ್ಣು ಮುಚ್ಚಿಬಿಟ್ಟಿದ್ದಾರೆ. ಪ್ಲೀಸ್ ಓಪನ್ ಮಾಡ್ಕೊಡಿ ನಾ."

ಅಭ್ಯಾಸದಂತೆ ಮೊದಲು ಸೆರಗು ನೋಡಿದೆ. ಬಲಭುಜದ ಮೇಲಿತ್ತು. ಆಮೇಲೆ ಮುಖ ನೋಡಿದೆ. ತುಟಿ ಅರ್ಧ ತೆರೆದಿತ್ತು. ಪೂವಿಗೆ ಫೋನ್ ಮಾಡಿ, ಅಜ್ಜಿ ಆಗ ಏನು ಹೇಳುತ್ತಿದ್ದರು ಎಂದು ಕೇಳಿದೆ.

"ಅವರ ಅವ್ವನ್ನ ಕರೀತಿದ್ರು ಆಂಟಿ. ಪೆಹಲೇ ಅವರನ್ನ ಕರೆದು, ಆಮೇಲೆ ನನಗೆ ಅಕ್ಕಿ ಹಾಕಿದ್ರು."

ಲೆಕ್ಕವಿಲ್ಲದಷ್ಟು ಅಜ್ಜಿಯರ ಕಣ್ಣು ತೆರೆಸಿದವಳು ನಾನು. ಅಂದು ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಅಕ್ಕಿಕಾಳಿನ ಪಕ್ಕದ ಒಂದೆರಡು ಮಸುಕು ಚುಕ್ಕೆಗಳನ್ನು ಅಳಿಸಿ, ಫೋಟೊವನ್ನು ಹಾಗೇ ವಾಪಸು ಕಳಿಸಿದೆ. "ಕಣ್ಣು ಹಾಗೇ ಇರಲಿ ಪೂವಿ," ಎಂದೆ, "ಅಜ್ಜಿ ಅವ್ವನ್ನ ನೋಡ್ತಿದ್ದಾರೆ."